ಸದ್ದಿಲ್ಲದ ಕೋಲು

ಓದುಗರ ಪ್ರಶ್ನೆಗಳಿಗೆ ನಿವೃತ್ತ ಬ್ಯಾಂಡ್ ಮಾಸ್ಟರ್ ಉತ್ತರ

ಹಿಂದಿನ ಸಂಚಿಕೆಯಲ್ಲಿ ಕ್ಲಾರಿನೆಟ್ ಬಗ್ಗೆ ಬರೆಯುವಾಗ ಸಿಂಫನಿ ಆರ್ಕೆಸ್ಟ್ರಾದ ಮುಂದೆ ಕೋಲು ಹಿಡಿದು ನಿಲ್ಲುವವರ ವಿಷಯ ಒಂದು ಸಾಲಿನಲ್ಲಿ ಬಂದಿತ್ತು. ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬದ ರಸಮಂಜರಿ, ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಟಿಕೆಟ್ ಕೊಡುವವರು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆರ್ಕೆಸ್ಟ್ರಾ ಎಂದರೆ ಐವತ್ತರಿಂದ ನೂರು ಜನ ಒಟ್ಟಿಗೆ ಕೂತು, ಬರೆದ ಸ್ವರ ನೋಡಿಕೊಂಡು ನುಡಿಸುವ ಪಾಶ್ಚಾತ್ಯ ವಾದ್ಯವೃಂದ. ಕಂಡಕ್ಟರ್ ಎಂದರೆ ಅದನ್ನು ನಡೆಸುವವರು. ನಾನು ಸೇನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾ ಬೆಳೆದವನು, ಮಧ್ಯಪ್ರದೇಶದ ಪಚ್‌ಮಢಿಯ ಸೇನಾ ಸಂಗೀತ ವಿಭಾಗದಲ್ಲಿ ಬ್ಯಾಂಡ್ ಮಾಸ್ಟರ್ ತರಬೇತಿ ಪಡೆದವನು. ಈಗ ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಹದಿನಾಲ್ಕು ಮಕ್ಕಳನ್ನು ಕೂರಿಸಿಕೊಂಡು ನುಡಿಸುತ್ತೇನೆ.

ಪ್ರಶ್ನೆ: ಯಕ್ಷಗಾನದಲ್ಲಿ ಭಾಗವತರು ಜಾಗಟೆಯಲ್ಲಿ ತಾಳ ಹಿಡಿಯುತ್ತಾರೆ, ಪದವನ್ನೂ ಹೇಳುತ್ತಾರೆ. ಕಂಡಕ್ಟರ್ ಕೋಲಿನಿಂದ ಒಂದು ಸದ್ದೂ ಹೊರಡುವುದಿಲ್ಲ. ನುಡಿಸುವವರ ಎದುರಿಗೆ ಹಾಳೆ ಇದ್ದೇ ಇರುತ್ತದೆ. ಮತ್ತೆ ಇವರು ಮಾಡುವುದಾದರೂ ಏನು?
— ಓದುಗರೊಬ್ಬರು, ಹೊನ್ನಾವರ

ಭಾಗವತರನ್ನು ಮೊದಲನೇ ವೇಷ ಎಂದು ಕರೆಯುವ ಊರಿನವರು ನೀವು. ನಿಮಗೆ ಈ ವಿಷಯ ಬೇಗ ಹಿಡಿಸುತ್ತದೆ.

ಊದುವವನಿಗೆ ಸದ್ದಿಗೆ ಮುಂಚೆ ಉಸಿರು ಬೇಕು. ಪಿಟೀಲಿನವನ ಕಮಾನು ಮೊದಲೇ ತಂತಿಯ ಮೇಲೆ ಕೂತಿರಬೇಕು. ಟಿಂಪನಿ ಎಂಬ ದೊಡ್ಡ ನಗಾರಿ ಬಾರಿಸುವವನ ಕೈ ಮೊದಲೇ ಎತ್ತಿರಬೇಕು. ಸದ್ದು ಮಾಡಿ ಹೇಳಲು ಹೊರಟರೆ, ಆ ಸದ್ದು ಕೇಳುವ ಹೊತ್ತಿಗೆ ಘಾತ, ಅಂದರೆ ತಾಳದ ಪೆಟ್ಟು, ಬಂದುಹೋಗಿರುತ್ತದೆ. ಆದ್ದರಿಂದ ಕಂಡಕ್ಟರ್ ಹೇಳಬೇಕಾದ್ದನ್ನೆಲ್ಲ ಒಂದು ಘಾತ ಮುಂಚೆ ಹೇಳುತ್ತಾರೆ. ಕೈ ಮೇಲೇಳುತ್ತದಲ್ಲ, ಅದಕ್ಕೆ ಅಪ್‌ಬೀಟ್ ಎನ್ನುತ್ತಾರೆ. ಅದು ಎಷ್ಟು ಹೊತ್ತಿನಲ್ಲಿ ಎದ್ದಿತೋ ಅದೇ ಕಾಲಪ್ರಮಾಣ. ಎಷ್ಟು ಎತ್ತರ ಎದ್ದಿತೋ ಅಷ್ಟು ದೊಡ್ಡ ಸ್ವರ. ಮೆತ್ತಗೆ ಎದ್ದಿತೋ ಚುರುಕಾಗಿ ಎದ್ದಿತೋ ಎನ್ನುವುದರಲ್ಲಿ ಸ್ವರದ ಗುಣ. ಕೈ ಕೆಳಗಿಳಿಯುವಾಗ ಹೊಸದಾಗಿ ಹೇಳುವುದೇನೂ ಉಳಿದಿರಬಾರದು.

ನನ್ನ ಮಕ್ಕಳ ಮುಂದೆ ನಾನು ಒಂದು, ಎರಡು ಎಂದು ಎಣಿಸುವುದಿಲ್ಲ. ಕೈ ಎತ್ತುವಾಗ ಅವರ ಜೊತೆ ನಾನೂ ಉಸಿರೆಳೆಯುತ್ತೇನೆ. ನನ್ನ ಉಸಿರು ಅರ್ಧಂಬರ್ಧ ಆದ ದಿನ ಮೊದಲ ಸ್ವರವೇ ತೆಳ್ಳಗೆ ಬರುತ್ತದೆ. ಇದನ್ನು ಪಿಟೀಲಿನ ಮಕ್ಕಳಲ್ಲೂ ಕಂಡಿದ್ದೇನೆ, ಅವರು ಊದುವವರಲ್ಲದಿದ್ದರೂ.

ಇನ್ನು ಹಾಳೆಯ ಮಾತು. ಪ್ರತಿಯೊಬ್ಬರ ಹಾಳೆಯಲ್ಲಿ ಇರುವುದು ಅವರವರ ಸ್ವರ ಮಾತ್ರ. ಪಕ್ಕದವರು ಏನು ನುಡಿಸುತ್ತಾರೆಂದು ಅದರಲ್ಲಿ ಇಲ್ಲ. ಎಲ್ಲರ ಸಾಲುಗಳೂ ಒಂದರ ಕೆಳಗೊಂದು ಇರುವ ಸ್ಕೋರ್ ಇರುವುದು ಕಂಡಕ್ಟರ್ ಬಳಿ. ಮೇಲೆ ಕೊಳಲು, ಓಬೋ ಮುಂತಾದ ಮರದ ವಾದ್ಯಗಳು, ಅದರ ಕೆಳಗೆ ಹಿತ್ತಾಳೆ, ಆಮೇಲೆ ತಾಳವಾದ್ಯ, ತಳದಲ್ಲಿ ತಂತಿವಾದ್ಯ. ಬೀಥೋವನ್‌ನ ಐದನೇ ಸಿಂಫನಿಯಲ್ಲಿ (ಆರ್ಕೆಸ್ಟ್ರಾಗೆಂದೇ ಬರೆದ, ನಾಲ್ಕು ಭಾಗಗಳ ದೊಡ್ಡ ಕೃತಿ ಅದು) ಮೂವರು ಟ್ರಾಂಬೋನಿನವರು ಮೂರು ಭಾಗ ಮುಗಿಯುವವರೆಗೆ ಒಂದು ಸ್ವರವನ್ನೂ ಊದದೆ ಕೂತಿರುತ್ತಾರೆ. ನಾಲ್ಕನೇ ಭಾಗದ ಮೊದಲ ಘಾತಕ್ಕೆ ಅವರು ಪೂರ್ತಿ ಬಲದಿಂದ ಬರಬೇಕು. ಅಷ್ಟು ಹೊತ್ತು ತಣ್ಣಗೆ ಕೂತ ತುಟಿ, ತಣ್ಣಗಾದ ಹಿತ್ತಾಳೆ! ಆಗ ಒಂದೆರಡು ಆವರ್ತ, ಅಂದರೆ ತಾಳದ ಒಂದೆರಡು ಸುತ್ತು, ಮುಂಚೆಯೇ ಕಂಡಕ್ಟರ್ ಕಣ್ಣು ಅವರ ಕಡೆ ತಿರುಗುತ್ತದೆ. ಆ ನೋಟಕ್ಕೆ ಊದುವವರು ಎಷ್ಟು ಋಣಿಗಳೆಂದು, ಬ್ಯಾಂಡಿನ ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ಕೂತ ನಾನು ಹೇಳಬಲ್ಲೆ.

ಕಂಡಕ್ಟರ್ ಇಲ್ಲದೆ ಆಗುವುದೇ ಇಲ್ಲ ಎಂದೇನೂ ಅಲ್ಲ. 1922ರಲ್ಲಿ ಮಾಸ್ಕೋದಲ್ಲಿ ಶುರುವಾದ ಪರ್ಸಿಂಫಾನ್ಸ್ ಎಂಬ ಆರ್ಕೆಸ್ಟ್ರಾ ಹತ್ತು ವರ್ಷ ಕಂಡಕ್ಟರ್ ಇಲ್ಲದೆ ನಡೆಯಿತು. ಒಬ್ಬರ ಮುಖ ಒಬ್ಬರಿಗೆ ಕಾಣಲೆಂದು ವಾದಕರು ದುಂಡಗೆ ಕೂರುತ್ತಿದ್ದರು, ಕೆಲವರ ಬೆನ್ನು ಸಭಿಕರ ಕಡೆಗೇ ಇರುತ್ತಿತ್ತು. ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಿಂದ ಹಾಗೇ ನುಡಿಸುತ್ತಿದೆ. ಆದರೆ ಒಬ್ಬರು ನಿರ್ಧರಿಸುವುದನ್ನು ಅಲ್ಲಿ ಎಲ್ಲರೂ ಕೂತು ಮಾತಾಡಿ ನಿರ್ಧರಿಸಬೇಕು. ಅದಕ್ಕೆ ಅಭ್ಯಾಸದ ಹೊತ್ತು ಹೆಚ್ಚು ಬೇಕು.

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಪಿಟೀಲು ಕಲಿಸುತ್ತೇನೆ. ಬೀಥೋವನ್‌ನ ಐದನೇ ಸಿಂಫನಿಯ ಆರಂಭದ ವಿಡಿಯೋ ನೋಡಿದೆ. ಕಂಡಕ್ಟರ್ ಕೈ ಇಳಿದ ಮೇಲೆ ಸ್ವರ ಬರುತ್ತದೆ. ಅದು ನಮ್ಮ ಅನಾಗತ ಎಡುಪಿನಂತೆಯೇ?
— ಸಂಗೀತ ಶಿಕ್ಷಕಿ, ಶಿವಮೊಗ್ಗ

ತಾಯಿ, ಸರಿಯಾಗಿ ಹಿಡಿದಿದ್ದೀರಿ. ಅನಾಗತವೇ, ಅಂದರೆ ತಾಳ ಶುರುವಾದ ಮೇಲೆ ಎತ್ತಿಕೊಳ್ಳುವುದು.

ಷಡ್ಜವನ್ನು ಸಿ ಎಂದಿಟ್ಟುಕೊಂಡರೆ ಅದು ಪ ಪ ಪ ಗಾ, ಮ ಮ ಮ ರೀ. ಗಾಂಧಾರ ಸಾಧಾರಣ, ರಿಷಭ ಚತುಶ್ರುತಿ. ಒಂದು ಆವರ್ತಕ್ಕೆ ನಾಲ್ಕು ಅಕ್ಷರ ಎಂದುಕೊಳ್ಳಿ. ಮೊದಲ ಅಕ್ಷರ ಮೌನ, ಉಳಿದ ಮೂರರಲ್ಲಿ ಪ ಪ ಪ, ಮುಂದಿನ ಆವರ್ತದ ಸಮಕ್ಕೆ, ಅಂದರೆ ಮೊದಲ ಅಕ್ಷರಕ್ಕೆ, ಗಾಂಧಾರ. ನಮ್ಮಲ್ಲಿಯಾದರೆ ತಾಳ ಮೊದಲೇ ಓಡುತ್ತಿರುತ್ತದೆ. ಎರಡು ಆವರ್ತ ಕೇಳಿಸಿಕೊಂಡು ನಿಧಾನವಾಗಿ ಎತ್ತಿಕೊಳ್ಳಬಹುದು. ಇಲ್ಲಿ ಅದಕ್ಕೆ ಮುಂಚೆ ಏನೂ ಇಲ್ಲ. ಬೀಥೋವನ್ 1817ರಲ್ಲಿ ಪ್ರಕಟಿಸಿದ ಮೆಟ್ರೊನೋಮ್ (ತಾಳದ ವೇಗ ತೋರಿಸುವ ಯಂತ್ರ) ಅಂಕಿಯ ಪ್ರಕಾರ ನಿಮಿಷಕ್ಕೆ 108 ಆವರ್ತ. ಅಂದರೆ ಆ ಮೌನದ ಅಕ್ಷರ ಸೆಕೆಂಡಿನ ಏಳನೇ ಒಂದು ಭಾಗ. ಇಷ್ಟು ಸಣ್ಣ ಮೌನದ ಆಚೆಗೆ ಇಡೀ ತಂತಿ ಬಳಗ, ಜೊತೆಗೆ ಎರಡು ಕ್ಲಾರಿನೆಟ್, ಒಟ್ಟಿಗೆ ಬರಬೇಕು. ಊದುವ ವಾದ್ಯಗಳಲ್ಲಿ ಅಲ್ಲಿ ನುಡಿಸುವುದು ಕ್ಲಾರಿನೆಟ್ ಎರಡೇ. ಕ್ಲಾರಿನೆಟ್ಟಿನವನಾದ ನನಗೆ ಆ ಪುಟದ ಮೇಲೆ ಒಂದು ಕೈ ಪ್ರೀತಿ ಹೆಚ್ಚೇ. ಸ್ಕೋರ್ ಓದುವವರಿಗೆ ಅಲ್ಲೊಂದು ಪಾಠವೂ ಇದೆ. ಬಿ ಫ್ಲಾಟ್ ಕ್ಲಾರಿನೆಟ್ಟಿನಲ್ಲಿ ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಕೇಳಿಸುತ್ತದೆ. ಹಾಗಾಗಿ ಪಿಟೀಲಿನ ಸಾಲಿನಲ್ಲಿ ಜಿ ಜಿ ಜಿ ಎಂದಿದ್ದರೆ ಕ್ಲಾರಿನೆಟ್ ಸಾಲಿನಲ್ಲಿ ಎ ಎ ಎ ಎಂದಿರುತ್ತದೆ. ಕಣ್ಣಿಗೆ ಬೇರೆ, ಕಿವಿಗೆ ಒಂದೇ.

ಕೈಯ ಕೆಲಸ ಹೀಗೆ. ಮೊದಲು ಕೋಲನ್ನು ಎದೆಯ ಮಟ್ಟದಲ್ಲಿ ಹಿಡಿದು ನಿಲ್ಲಬೇಕು, ಎಲ್ಲರ ಕಣ್ಣು ಬರುವವರೆಗೆ. ಆಮೇಲೆ ಒಂದೇ ಒಂದು ಎತ್ತುಗೆ. ಅದು ಸರಿಯಾಗಿ ಒಂದು ಆವರ್ತದಷ್ಟು ಹೊತ್ತು, ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಕೂಡಲೇ ಕೆಳಗೆ. ಕೆಳಗೆ ಬಂದ ಕೋಲು ಅಲ್ಲೇ ಕೂರಬಾರದು. ಕಾದ ಕಾವಲಿಗೆ ಬೆರಳು ತಾಕಿದ ಹಾಗೆ ಚಟ್ಟನೆ ಮೇಲೆ ಬರಬೇಕು. ಆ ತಾಕುವ ಬಿಂದುವೇ ಘಾತ. ಅದು ಖಚಿತವಾಗಿ ಕಂಡರೆ ಮೂರು ಪಂಚಮಗಳು ತಾವಾಗಿ ಉದುರುತ್ತವೆ. ಮುಂದಿನ ಇಳಿತಕ್ಕೆ ಗಾಂಧಾರ. ಅದರ ಮೇಲೆ ಅರ್ಧಚಂದ್ರದೊಳಗೆ ಚುಕ್ಕೆಯಿಟ್ಟ ಗುರುತಿದೆ. ಅಲ್ಲಿ ತಾಳ ನಿಂತುಬಿಡುತ್ತದೆ, ಕಂಡಕ್ಟರ್ ಬಿಡುವವರೆಗೆ ಸ್ವರ ನಿಲ್ಲುತ್ತದೆ. ಎರಡನೇ ಸಲ, ರಿಷಭದ ಹತ್ತಿರ, ಬೀಥೋವನ್ ಒಂದು ಆವರ್ತ ಹೆಚ್ಚಿಗೆ ಸೇರಿಸಿ ಎರಡನೆಯದರ ಮೇಲೆ ಆ ಗುರುತನ್ನು ಇಟ್ಟಿದ್ದಾನೆ. ಎರಡನ್ನೂ ಒಂದೇ ಉದ್ದಕ್ಕೆ ಹಿಡಿಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬರೆದವನು ಸುಮ್ಮನೆ ಒಂದು ಆವರ್ತ ಸೇರಿಸುವುದಿಲ್ಲ.

ಹೊಸಬರು ಮಾಡುವ ತಪ್ಪು ಯಾವುದೆಂದರೆ, ಹೆದರಿಕೆಯಿಂದ ಎತ್ತುಗೆಗೆ ಮುಂಚೆ ಮಣಿಕಟ್ಟಿನಲ್ಲಿ ಇನ್ನೊಂದು ಸಣ್ಣ ಅಲುಗಾಟ ಕೊಡುವುದು. ಅದನ್ನೇ ಘಾತವೆಂದುಕೊಂಡು ಯಾರಾದರೊಬ್ಬರು ನುಗ್ಗಿಬಿಡುತ್ತಾರೆ. ತರಬೇತಿಯ ದಿನಗಳಲ್ಲಿ ಇದೇ ಭಾಗವನ್ನು ಬ್ಯಾಂಡಿಗೆ ಹೊಂದಿಸಿ ನುಡಿಸುವಾಗ ನನ್ನ ಕೈ ಹಾಗೇ ಅಲುಗಿತು. ಟ್ರಂಪೆಟ್ಟಿನಂಥ ಒಂದು ಕಾರ್ನೆಟ್ ಒಂಟಿಯಾಗಿ ಹೊರಟಿತು. ಆ ಹುಡುಗ ತಲೆ ತಗ್ಗಿಸಿದ. ತಪ್ಪು ಅವನದಲ್ಲ, ನನ್ನ ಕೈಯದು ಎಂದು ಎಲ್ಲರ ಮುಂದೆ ಹೇಳಿದ ಮೇಲೆಯೇ ನನಗೆ ಸಮಾಧಾನವಾದದ್ದು. ಆವತ್ತಿನಿಂದ ಒಂದು ತಿಂಗಳು ರಾತ್ರಿ ಬ್ಯಾರಕ್ಕಿನ ಕನ್ನಡಿಯ ಮುಂದೆ ಆ ಒಂದೇ ಎತ್ತುಗೆಯನ್ನು ತಿದ್ದಿದೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಬ್ಯಾಂಡಿನಲ್ಲಿ 24 ಮಕ್ಕಳಿದ್ದಾರೆ. ಮೈದಾನದಲ್ಲಿ ಹಿಂದಿನ ಡ್ರಮ್ಮಿನವರು ಯಾವಾಗಲೂ ತಡ. ಜೋರಾಗಿ ನುಡಿಸುವ ಕಡೆ ಎಲ್ಲರೂ ಓಡುತ್ತಾರೆ. ಬೈದರೂ ಪ್ರಯೋಜನವಿಲ್ಲ.
— ದೈಹಿಕ ಶಿಕ್ಷಣ ಶಿಕ್ಷಕರು, ಹಾಸನ ಜಿಲ್ಲೆ

ಮೇಷ್ಟ್ರೇ, ಬೈಯುವುದನ್ನು ನಿಲ್ಲಿಸಿ. ನಿಮ್ಮ ಡ್ರಮ್ಮಿನ ಮಕ್ಕಳು ತಪ್ಪು ಮಾಡುತ್ತಿಲ್ಲದೆ ಇರಬಹುದು.

ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಬೆಳಕಿಗೆ ಹೋಲಿಸಿದರೆ ಎತ್ತಿನ ಗಾಡಿ. ನಾನು ಹೊಸದಾಗಿ ಬ್ಯಾಂಡ್ ಮಾಸ್ಟರ್ ಆದಾಗ ನಾಲ್ಕೈದು ಬ್ಯಾಂಡ್ ಸೇರಿಸಿ ಒಂದು ದೊಡ್ಡ ಮೈದಾನದಲ್ಲಿ ನುಡಿಸುವ ಜವಾಬ್ದಾರಿ ಬಂತು. ಕೊನೆಯ ಸಾಲಿನ ಡ್ರಮ್ಮುಗಳು ನನ್ನಿಂದ ಸುಮಾರು 50 ಮೀಟರ್ ದೂರ. ಅಲ್ಲಿಂದ ಸದ್ದು ಬರಲು ಸೆಕೆಂಡಿನ ನೂರರಲ್ಲಿ ಹದಿನೈದು ಭಾಗ ಬೇಕು. ನಿಮಿಷಕ್ಕೆ 120 ಹೆಜ್ಜೆಯ ಮಾರ್ಚಿನಲ್ಲಿ ಒಂದು ಘಾತ ಅರ್ಧ ಸೆಕೆಂಡು. ಅಂದರೆ ಅವರು ನನ್ನ ಕೈಗೆ ಸರಿಯಾಗಿ ಬಡಿದರೂ ನನ್ನ ಕಿವಿಗೆ ಘಾತದ ಮೂರನೇ ಒಂದು ಭಾಗದಷ್ಟು ತಡವಾಗಿ ಕೇಳುತ್ತದೆ. ನನಗೆ ಇದು ತಿಳಿಯಲಿಲ್ಲ. ಅವರು ಹಿಂದೆ ಬಿದ್ದರೆಂದು ಕೈಯನ್ನು ಚೂರು ತಡೆದೆ. ಕೈ ತಡೆದದ್ದನ್ನು ನೋಡಿ ಅವರು ಇನ್ನೂ ನಿಧಾನ ಮಾಡಿದರು. ನಾನು ಮತ್ತೆ ಕಾದೆ. ಹದಿನಾರು ಆವರ್ತ ಆಗುವಷ್ಟರಲ್ಲಿ ನಡೆಯುತ್ತಿದ್ದ ಜವಾನರ ಹೆಜ್ಜೆ ಕೆಟ್ಟಿತು. ಬೂಟಿನ ಸದ್ದು ಒಂದೇ ಆಗಿದ್ದದ್ದು ಚದುರಿ, ಕಲ್ಲು ಸುರಿದ ಹಾಗೆ ಕೇಳಿತು. ಇವತ್ತಿಗೂ ಆ ಸದ್ದು ನನ್ನ ಕಿವಿಯಲ್ಲಿದೆ.

ಸಂಜೆ ಹಿರಿಯ ಸುಬೇದಾರರೊಬ್ಬರು ಕರೆದು ಕೂರಿಸಿ ಹೇಳಿದರು: ಕಿವಿಗೆ ಬಂದದ್ದು ಹಳೇ ಸುದ್ದಿ, ಅದಕ್ಕೆ ಕೈ ಕಾಯಬಾರದು. ಅದೇ ರೀತಿ ಡ್ರಮ್ಮಿನವರೂ ಮುಂದಿನ ಸಾಲಿನ ಟ್ರಂಪೆಟ್ ಕೇಳಿಸಿಕೊಂಡು ಬಡಿಯಬಾರದು. ಹಾಗೆ ಮಾಡಿದರೆ ಹೋಗುವಾಗ ಒಂದು ತಡ, ಬರುವಾಗ ಇನ್ನೊಂದು ತಡ, ಎರಡೂ ಸೇರಿಬಿಡುತ್ತವೆ. ಅವರು ಕೋಲನ್ನೇ ನೋಡಬೇಕು. ಸಿಂಫನಿ ವೇದಿಕೆಯಲ್ಲೂ ಇದೇ ತೊಂದರೆ ಸಣ್ಣದಾಗಿ ಇದೆ. ಹಿಂದಿನ ಟಿಂಪನಿ 17 ಮೀಟರ್ ದೂರದಲ್ಲಿದ್ದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡ. ಹಾರ್ನ್ ವಾದ್ಯದ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಅದರ ಸದ್ದು ಗೋಡೆಗೆ ಬಡಿದು ಬರಬೇಕು. ಪಳಗಿದ ಹಾರ್ನಿನವರು ಕೂದಲೆಳೆಯಷ್ಟು ಮುಂಚೆಯೇ ಊದುತ್ತಾರೆ.

ಆದ್ದರಿಂದ ಡ್ರಮ್ಮಿನ ಮಕ್ಕಳನ್ನು ಸಾಧ್ಯವಾದಷ್ಟು ಹತ್ತಿರಕ್ಕೆ, ಊದುವವರ ನಡುವೆ ನಿಲ್ಲಿಸಿ. ಘಾತ ತಾಕುವ ಬಿಂದು ಯಾವಾಗಲೂ ಒಂದೇ ಎತ್ತರದಲ್ಲಿರಲಿ. ನುಡಿಸುವವರು ನಿಮ್ಮನ್ನು ನೇರವಾಗಿ ನೋಡುವುದಿಲ್ಲ, ಕಣ್ಣಂಚಿನಲ್ಲಿ ನೋಡುತ್ತಾರೆ. ಬಿಂದು ಊರೂರು ಅಲೆದರೆ ಅವರು ಎಲ್ಲಿ ಹುಡುಕಬೇಕು? ನಾಲ್ಕರ ತಾಳಕ್ಕೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲಕ್ಕೆ. ಇದು ಬಲಗೈ ಕೆಲಸ. ಎಡಗೈ ಅದನ್ನೇ ಕನ್ನಡಿಯಂತೆ ಮಾಡುತ್ತಾ ಇದ್ದರೆ ಒಂದು ಕೈ ದಂಡ. ಅದನ್ನು ಬಿಡಿಸಿಟ್ಟುಕೊಂಡರೆ ಜೋರು, ಮೆಲ್ಲಗೆ, ನೀನು ಬಾ, ಸಾಕು ನಿಲ್ಲಿಸು ಎಂದು ಹೇಳಲು ಆಗುತ್ತದೆ.

ಮಕ್ಕಳು ಓಡುವಾಗ ನಿಮ್ಮ ಕೈ ದೊಡ್ಡದಾಗುತ್ತಾ ಹೋಗುತ್ತಿದೆಯೇ ಎಂದು ನೋಡಿಕೊಳ್ಳಿ. ಕೈ ಬೀಸಾದಷ್ಟೂ ಬಿಂದು ಕಳೆದುಹೋಗುತ್ತದೆ. ಓಡಿದರೆ ಕೈ ಚಿಕ್ಕದು ಮಾಡಿ. ಇಷ್ಟಕ್ಕೂ ಸರಿಹೋಗದಿದ್ದರೆ ಕೈ ಇಳಿಸಿ ಸುಮ್ಮನೆ ನಿಂತು, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಲು ಬಿಡಿ. ಒಂದು ನಿಮಿಷದಲ್ಲಿ ತಾವೇ ಹಿಡಿದುಕೊಳ್ಳುತ್ತಾರೆ. ಅಭ್ಯಾಸದಲ್ಲಿ ನಿಲ್ಲಿಸಿದಾಗ ಮಾತಿಗೆ ಒಂದು ಕ್ರಮ ಇಟ್ಟುಕೊಳ್ಳಿ: ಯಾರು, ಎಲ್ಲಿ, ಏನು. ‘ಟ್ರಂಪೆಟ್, ಹನ್ನೆರಡನೇ ಆವರ್ತ, ಮೆಲ್ಲಗೆ.’ ಹೆಸರು ಮೊದಲು ಬಂದರೆ ಆ ಮಗು ಕಿವಿ ನಿಮಿರಿಸುತ್ತದೆ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಕೂಡಲೇ ನುಡಿಸಿ.

ಪ್ರಶ್ನೆ: ಕಂಡಕ್ಟರ್ ಕೋಲಿನಿಂದ ಒಬ್ಬರು ಸತ್ತರಂತೆ, ನಿಜವೇ?
— ಕಾಲೇಜು ವಿದ್ಯಾರ್ಥಿ, ಕಲಬುರಗಿ

ನಿಜ. ಆದರೆ ಇಂದಿನ ಕೋಲಲ್ಲ. ಆಗ ಫ್ರಾನ್ಸಿನಲ್ಲಿ ಉದ್ದನೆಯ ದಂಡವನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದರು. 1687ರ ಜನವರಿಯಲ್ಲಿ ಹದಿನಾಲ್ಕನೇ ಲೂಯಿ ದೊರೆ ಕಾಯಿಲೆಯಿಂದ ಎದ್ದ ಸಂತೋಷಕ್ಕೆ ಪ್ಯಾರಿಸ್ಸಿನಲ್ಲಿ ನಡೆದ ಕಾರ್ಯಕ್ರಮದಲ್ಲಿ ಜ್ಯಾಂ ಬ್ಯಾಪ್ಟಿಸ್ಟ್ ಲೂಲಿ ಎಂಬ ಸಂಗೀತಗಾರ ದಂಡವನ್ನು ತನ್ನ ಕಾಲಿಗೇ ಕುಟ್ಟಿಕೊಂಡ. ಗಾಯ ಕೊಳೆಯಿತು. ಕಾಲು ಕತ್ತರಿಸಲು ಒಪ್ಪಲಿಲ್ಲ. ಮಾರ್ಚ್ 22ರಂದು ತೀರಿಕೊಂಡ. ಮುಂದೆ ಆರ್ಕೆಸ್ಟ್ರಾ ದೊಡ್ಡದಾಗುತ್ತಾ ಹೋದಂತೆ ಹತ್ತೊಂಬತ್ತನೇ ಶತಮಾನದಲ್ಲಿ ಸದ್ದಿಲ್ಲದ ಸಣ್ಣ ಕೋಲು ರೂಢಿಗೆ ಬಂತು. 1835ರಿಂದ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾವನ್ನು ನಡೆಸಿದ ಜರ್ಮನಿಯ ಸಂಗೀತ ರಚನಕಾರ ಮೆಂಡೆಲ್ಸನ್ ಅದನ್ನು ಬಳಸಿದವರಲ್ಲಿ ಮುಖ್ಯರು.

ಪ್ರಶ್ನೆ: ಮೈಸೂರಿನ ಮಹಾರಾಜರಿಗೂ ಲಂಡನ್ನಿನ ಆರ್ಕೆಸ್ಟ್ರಾಗೂ ನಂಟಿತ್ತೆಂದು ನಮ್ಮ ತಾತ ಹೇಳುತ್ತಿದ್ದರು.
— ಓದುಗರೊಬ್ಬರು, ಮಂಡ್ಯ

ನಿಮ್ಮ ತಾತ ಹೇಳಿದ್ದು ಸರಿ. ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರೂ ಅವರೇ. 1945ರಲ್ಲಿ ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಅವರು ಬೆಂಬಲವಾಗಿ ನಿಂತರು, ಅದರ ಸಂಗೀತ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಆದರು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಆತನ ಕೊನೆಯ ನಾಲ್ಕು ಹಾಡುಗಳ ಮೊದಲ ಕಛೇರಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಅದಕ್ಕೆ 4,800 ಡಾಲರ್ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಮಹಾರಾಜರು ಅಲ್ಲಿರಲಿಲ್ಲ. ಕಛೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿಕೊಟ್ಟರು. ನಮ್ಮ ಊರಿಗೆ ಆ ಮುದ್ರಿಕೆ ಬಂದು ಇಳಿದದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ರಾತ್ರಿ ಕೋಲು ಹಿಡಿದಿದ್ದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ನಾನು ಮೇಲೆ ಬಿಂದು, ಖಚಿತ ಎಂದೆಲ್ಲ ಬರೆದೆನಲ್ಲ, ಅವರ ಕೋಲು ಅದಕ್ಕೆ ಪೂರ್ತಿ ವಿರುದ್ಧ. ನಡುಗುತ್ತಾ ಇಳಿಯುತ್ತಿತ್ತು, ಘಾತ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಅವರ ಹಳೆಯ ಚಿತ್ರಗಳನ್ನು ನೋಡಿದರೆ ನೀವೂ ಕಾಣಬಹುದು. ವಾದಕರು ಒಬ್ಬರನ್ನೊಬ್ಬರು ಮೈಯೆಲ್ಲ ಕಿವಿಯಾಗಿ ಕೇಳಲೇಬೇಕಾಗುತ್ತಿತ್ತು. ಸ್ವರ ಚುಚ್ಚಿಕೊಂಡು ಶುರುವಾಗದೆ ಆಳದಿಂದ ತುಂಬಿಕೊಂಡು ಬರುತ್ತಿತ್ತು. ಸ್ಟ್ರಾಸ್ ತಾನು ಕಂಡಕ್ಟರ್ ಆಗಿ ನಿಂತಾಗ ಇನ್ನೊಂದು ಬಗೆ: ಮಣಿಕಟ್ಟಿನ ಸಣ್ಣ ಅಲುಗಾಟ, ಅಷ್ಟೇ. ನನ್ನ ಮಕ್ಕಳಿಗೆ ಇಬ್ಬರನ್ನೂ ತೋರಿಸುತ್ತೇನೆ. ಆದರೆ ಮೊದಲು ಖಚಿತ ಬಿಂದುವನ್ನೇ ಕಲಿಸುತ್ತೇನೆ. ಫುರ್ಟ್‌ವೆಂಗ್ಲರ್ ಎದುರಿಗೆ ಇದ್ದದ್ದು ನುಡಿಸಿ ಹಣ್ಣಾದ ವಾದಕರು.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಪಿಟೀಲು ಕಲಿಯುತ್ತಿದ್ದೇನೆ. ಹುಡುಗಿಯರು ಕಂಡಕ್ಟರ್ ಆಗಬಹುದೇ? ಈಗಿನಿಂದ ಏನು ಮಾಡಬೇಕು?
— ವಿದ್ಯಾರ್ಥಿನಿ, ಪುತ್ತೂರು

ಮಗಳೇ, ಖಂಡಿತ ಆಗಬಹುದು. ಆಂಟೋನಿಯಾ ಬ್ರಿಕೋ 1930ರಲ್ಲೇ ಬರ್ಲಿನ್ ಫಿಲ್‌ಹಾರ್ಮೋನಿಕ್ ಮುಂದೆ ನಿಂತರು. ಮ್ಯಾರಿನ್ ಆಲ್ಸಪ್ 2007ರಿಂದ ಅಮೆರಿಕದ ಬಾಲ್ಟಿಮೋರ್ ಸಿಂಫನಿಯನ್ನು ನಡೆಸಿದರು. ದಾರಿ ಅವರಿಗೆ ಸುಲಭವಿರಲಿಲ್ಲ. ಆದರೆ ಅದು ಈಗ ತೆರೆದ ದಾರಿ.

ಮುಂಬೈಯಲ್ಲಿ ಹುಟ್ಟಿದ ಕಂಡಕ್ಟರ್ ಜುಬಿನ್ ಮೆಹ್ತಾ 1954ರಲ್ಲಿ, ಹದಿನೆಂಟರ ವಯಸ್ಸಿಗೆ, ಕಲಿಯಲು ವಿಯೆನ್ನಾಕ್ಕೆ ಹೋದರು. ಅಲ್ಲಿ ಡಬಲ್ ಬಾಸ್ ಕೂಡ ನುಡಿಸಿದರು. ದೊಡ್ಡ ಕಂಡಕ್ಟರುಗಳ ಅಭ್ಯಾಸವನ್ನು ಹತ್ತಿರದಿಂದ ನೋಡಲು ಅವರೂ ಸಹಪಾಠಿ ಕ್ಲಾಡಿಯೋ ಅಬ್ಬಾಡೋ ಅವರೂ ಗಾಯಕವೃಂದ ಸೇರಿಕೊಂಡರು. ಹಾಡುವವರಿಗೆ ಕಂಡಕ್ಟರ್ ಮುಖ ಎದುರಿಗೇ ಕಾಣುತ್ತದಲ್ಲ! ನೀನೂ ಹಾಗೆ ಮಾಡು. ಶಾಲೆಯ ಗೀತಗಾಯನಕ್ಕೆ ಸೇರು. ಪಿಟೀಲು ಬಿಡಬೇಡ, ಒಂದು ವಾದ್ಯ ಚೆನ್ನಾಗಿ ನುಡಿಸದವರ ಮಾತನ್ನು ವಾದಕರು ಕೇಳುವುದಿಲ್ಲ. ಕೀಬೋರ್ಡ್ ಸಿಕ್ಕರೆ ಎರಡು ಕೈಯಲ್ಲಿ ಎರಡು ಸಾಲು ಒಟ್ಟಿಗೆ ಓದುವುದನ್ನು ರೂಢಿಸಿಕೋ. ಬೀಥೋವನ್‌ನ ಸ್ಕೋರುಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಐದನೇ ಸಿಂಫನಿಯ ಮೊದಲ ಪುಟ ಮುದ್ರಿಸಿಕೊಂಡು, ಧ್ವನಿಮುದ್ರಣ ಕೇಳುತ್ತಾ ವಯೋಲಾದ ಸಾಲಿನ ಮೇಲೆ ಮಾತ್ರ ಬೆರಳಿಡು. ಮರುದಿನ ಚೆಲ್ಲೋ, ಮತ್ತೊಂದು ದಿನ ಕ್ಲಾರಿನೆಟ್. ಎಲ್ಲರ ಕಿವಿಗೆ ಬೀಳುವ ಸಾಲನ್ನು ಬಿಟ್ಟು ಒಳಗಿನ ಸಾಲನ್ನು ಹುಡುಕುವ ಕಿವಿ ಬೇಕು.

ಕೋಲನ್ನು ಈಗಲೇ ಕೊಳ್ಳಬೇಡ. ಬಿಳಿ ಗೋಡೆಯ ಮುಂದೆ ನಿಂತು ಪೆನ್ಸಿಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಮೊದಲ ಗೆಣ್ಣಿನ ನಡುವೆ ಹಿಡಿ. ಬಿಗಿಯಾಗಿ ಹಿಡಿಯಬೇಡ. ಮೊಣಕೈ ಪಕ್ಕೆಗೆ ಅಂಟದಿರಲಿ. ಅಮ್ಮನನ್ನು ಎದುರಿಗೆ ಕೂರಿಸಿ, ನಿನ್ನ ಕೈ ನೋಡಿಕೊಂಡು ಒಂದು ಚಪ್ಪಾಳೆ ಹೊಡೆಯಲು ಹೇಳು. ಬಾಯಿ ಬಿಡಬೇಡ, ತಲೆ ಆಡಿಸಬೇಡ. ಉಸಿರೆಳೆದು ಕೈ ಎತ್ತಿ ಇಳಿಸು. ಪೆನ್ಸಿಲಿನ ತುದಿ ತಾಕಿದ ಗಳಿಗೆಗೇ ಚಪ್ಪಾಳೆ ಬೀಳಬೇಕು. ಆಮೇಲೆ ತಮ್ಮನನ್ನೂ ಅಜ್ಜಿಯನ್ನೂ ಕೂರಿಸು. ಮೂವರ ಚಪ್ಪಾಳೆ ಒಂದೇ ಸದ್ದಾಗಿ ಬಂದ ದಿನ ನನಗೆ ಕಾಗದ ಬರೆ.